ಅವುಡುಗಚ್ಚಿ

ಹಲ್ಲಿನ ಮೇಲೆ ನಮ್ಮ ಕನ್ನಡಕ್ಕೆ ಅದೇನು ಮಮತೆಯೋ! ಸಿಟ್ಟು ಬಂದವನು ಹಲ್ಲು ಕಡಿಯುತ್ತಾನೆ, ಹಗೆಯಿದ್ದವನು ಹಲ್ಲು ಮಸೆಯುತ್ತಾನೆ, ಕೆಲಸವಾಗಬೇಕಾದವನು ಹಲ್ಲು ಗಿಂಜುತ್ತಾನೆ. ನಮ್ಮ ಪಾಲಿಗೆ ಬಂದದ್ದು ಮಾತ್ರ ‘ಅವುಡುಗಚ್ಚಿ ಸಹಿಸಿಕೋ’. ಮದುವೆಯಾಗಿ ಹೊರಟಾಗ ಮಡಿಲಕ್ಕಿಯ ಜೊತೆಗೆ ಈ ಮಾತನ್ನೂ ಸೆರಗಿಗೆ ಕಟ್ಟಿ ಕಳಿಸುತ್ತಾರೆ. ಅವುಡೆಂದರೆ ದವಡೆ. ಆ ದವಡೆಗೂ ಒಂದು ಮಿತಿಯಿದೆ ಎಂದು ಯಾರೂ ಹೇಳಿ ಕಳಿಸುವುದಿಲ್ಲ.

ನನಗೆ ಅದು ಗೊತ್ತಾದದ್ದು ನಲವತ್ತೆರಡನೆಯ ವಯಸ್ಸಿನಲ್ಲಿ. ಮೊದಲು ಬಂದದ್ದು ಕಿವಿನೋವು. ಬೆಳಿಗ್ಗೆ ಏಳುವಾಗಲೇ ಕೆನ್ನೆ ಬಿಗಿದುಕೊಂಡಿರುತ್ತಿತ್ತು. ಆಕಳಿಸಿದರೆ ಕಿವಿಯ ಹತ್ತಿರ ‘ಟಕ್’ ಎಂಬ ಸದ್ದು. ಚಕ್ಕುಲಿ, ಕೋಡುಬಳೆ ಕಂಡರೆ ಭಯ. ಕಿವಿಯ ಡಾಕ್ಟರು ದೀಪ ಹಾಕಿ ನೋಡಿ, “ಕಿವಿ ಚೆನ್ನಾಗಿದೆಯಮ್ಮಾ, ಹಲ್ಲಿನವರಿಗೆ ತೋರಿಸಿ” ಎಂದರು. “ಕಿವಿ ನೋವಿಗೆ ಹಲ್ಲಿನ ಡಾಕ್ಟರೇನೆ?” ಎಂದು ನಮ್ಮತ್ತೆ ನಕ್ಕರು. ಆದರೆ ಇದು ಹಳೆಯ ಕಥೆಯೇ. ಅಮೆರಿಕದ ಸೇಂಟ್ ಲೂಯಿಸ್ ನಗರದ ಜೇಮ್ಸ್ ಕಾಸ್ಟನ್ ಎಂಬ ಕಿವಿ, ಮೂಗು, ಗಂಟಲಿನ ವೈದ್ಯರು 1934ರಲ್ಲೇ ಕಿವಿನೋವಿಗೂ ದವಡೆಯ ಕೀಲಿಗೂ ನಂಟು ಹಾಕಿ ಬರೆದಿದ್ದರು.

ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ ನೋಡಿ. ಒಳಗೆ ಏನೋ ಜಾರಿದ್ದು ತಿಳಿಯುತ್ತದೆ. ಅದೇ ಆ ಕೀಲು. ಬಾಗಿಲಿನ ಹಾಗೆ ತಿರುಗುವುದಷ್ಟೇ ಅಲ್ಲ, ಮುಂದಕ್ಕೂ ಜಾರುತ್ತದೆ. ಮೂಳೆಗಳ ನಡುವೆ ಮೆತ್ತೆಯಂಥ ಪುಟ್ಟ ಬಿಲ್ಲೆಯೊಂದಿದೆ; ಅದು ಜಾಗ ತಪ್ಪಿದರೆ ಟಕ್ ಎನ್ನುತ್ತದೆ. ನೋವಿಲ್ಲದ ಸದ್ದಿಗೆ ಹೆದರಬೇಕಾಗಿಲ್ಲ. ಎಷ್ಟೋ ಸಲ ನೋಯುವುದು ಕೀಲಲ್ಲ, ಬಿಡುವಿಲ್ಲದೆ ದುಡಿದ ಕೆನ್ನೆಯ ಸ್ನಾಯು. ಈ ಕಾಯಿಲೆ ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚಂತೆ. ಕೇಳಿ ನನಗೇನೂ ಆಶ್ಚರ್ಯವಾಗಲಿಲ್ಲ.

ಹಲ್ಲಿನ ಡಾಕ್ಟರಮ್ಮ ನನಗಿಂತ ಚಿಕ್ಕವರು. ಹಲ್ಲಿನ ಅಚ್ಚು ತೆಗೆದುಕೊಂಡು, ಒಂದು ವಾರದಲ್ಲಿ ಮೇಲಿನ ಸಾಲಿಗೆ ಪೂರ್ತಿ ಕೂರುವಂಥ ಗಟ್ಟಿ ಅಕ್ರಿಲಿಕ್ಕಿನ ಕವಚ ಮಾಡಿಸಿಕೊಟ್ಟರು. ಸ್ಪ್ಲಿಂಟ್ ಎನ್ನುತ್ತಾರೆ. ಬಣ್ಣದ ಕಾಗದ ಕಚ್ಚಿಸಿ, ಎತ್ತರವಿದ್ದ ಕಡೆ ಉಜ್ಜಿ ಸಮ ಮಾಡಿದರು. ರಾತ್ರಿ ಹಾಕಿಕೊಳ್ಳಬೇಕು, ಬೆಳಿಗ್ಗೆ ತಣ್ಣೀರಿನಲ್ಲಿ ತೊಳೆದು ಡಬ್ಬಿಯಲ್ಲಿಡಬೇಕು. ಬಿಸಿನೀರು ತಾಗಿದರೆ ಸೊಟ್ಟಗಾದೀತು. ಅದನ್ನು ಹಾಕಿಕೊಂಡು ನಾನು ತೊದಲಿದಾಗ, “ಇನ್ನು ರಾತ್ರಿ ಹೊತ್ತು ನನಗೆ ನೆಮ್ಮದಿ” ಎಂದರು ನಮ್ಮ ಮನೆಯವರು.

ಮೂರು ತಿಂಗಳಿಗೆ ಆ ಗಟ್ಟಿ ಕವಚದ ಮೇಲೆ ಗೆರೆಗಳು ಬಿದ್ದಿದ್ದವು. ಡಾಕ್ಟರಮ್ಮ ಬೆಳಕಿಗೆ ಹಿಡಿದು ತೋರಿಸಿದರು. “ಸವೆಯುವುದಿದ್ದರೆ ಇದು ಸವೆಯಲಿ ಎಂದು ಕೊಟ್ಟಿದ್ದೇನೆ. ಆದರೆ ನೀವು ಕಚ್ಚುವುದನ್ನು ಇದು ನಿಲ್ಲಿಸುವುದಿಲ್ಲ” ಎಂದರು. ಅವರು ಏನನ್ನೂ ಮುಚ್ಚಿಡಲಿಲ್ಲ. 2020ರಲ್ಲಿ ಬ್ರಿಟನ್ನಿನಲ್ಲಿ ಹಲವು ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದಾಗ, ಸ್ಪ್ಲಿಂಟಿನಿಂದ ನೋವು ಇಳಿಯುತ್ತದೆ ಎನ್ನುವುದಕ್ಕೆ ತಕ್ಕ ಆಧಾರ ಸಿಗಲಿಲ್ಲವಂತೆ. 2023ರಲ್ಲಿ ಬಿಎಂಜೆ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಮಾರ್ಗಸೂಚಿಯೂ, ಬಹುದಿನದ ದವಡೆ ನೋವಿಗೆ ದವಡೆಯ ವ್ಯಾಯಾಮವನ್ನೂ ಮನಸ್ಸಿನ ಭಾರ ಇಳಿಸುವ ಆಪ್ತಸಲಹೆಯನ್ನೂ ಮುಂದಿಟ್ಟು, ಸ್ಪ್ಲಿಂಟನ್ನು ಹಿಂದಕ್ಕೆ ಸರಿಸಿದೆ. “ಹಲ್ಲು ಉಜ್ಜಿ ಕಚ್ಚು ಬದಲಾಯಿಸುತ್ತೇವೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಉಜ್ಜಿದ ಹಲ್ಲು ಮತ್ತೆ ಬೆಳೆಯುವುದಿಲ್ಲ” ಎಂದೂ ಹೇಳಿದರು.

ನನಗೆ ಕೊಟ್ಟ ಪಾಠ ಸುಲಭದ್ದು: ತುಟಿ ಕೂಡಿರಲಿ, ಹಲ್ಲು ಬಿಟ್ಟಿರಲಿ. ಉಣ್ಣುವಾಗ, ನುಂಗುವಾಗ ಬಿಟ್ಟರೆ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಭೇಟಿಯೇ ಬೇಕಿಲ್ಲವಂತೆ. ನೆನಪಿಗಾಗಿ ಸ್ಟಿಕ್ಕರ್ ಬೊಟ್ಟುಗಳನ್ನು ಅಲ್ಲಲ್ಲಿ ಅಂಟಿಸಿದೆ: ಫ್ರಿಜ್ಜಿಗೊಂದು, ಹೊಲಿಗೆ ಯಂತ್ರಕ್ಕೊಂದು, ಮೊಬೈಲಿನ ಬೆನ್ನಿಗೊಂದು. ಬೊಟ್ಟು ಕಂಡಾಗಲೆಲ್ಲ ದವಡೆ ಸಡಿಲ ಬಿಡುವುದು. ಫ್ರಿಜ್ಜಿನ ಮುಂದೆ ನಾನು ಚೆನ್ನಾಗಿಯೇ ಇರುತ್ತಿದ್ದೆ. ಮೊಬೈಲಿನ ಬೊಟ್ಟು ಕಂಡಾಗ ಮಾತ್ರ ಹಲ್ಲು ಬಿಗಿದಿರುತ್ತಿತ್ತು, ಅದೂ ಭಾನುವಾರ.

ಭಾನುವಾರ ಮೈದುನಂದಿರ ಫೋನು. ನಮ್ಮ ಮಾವನವರು ಹಾಸಿಗೆ ಹಿಡಿದು ಎರಡು ವರ್ಷವಾಗಿತ್ತು. ಗಂಡುಮಕ್ಕಳು ಮೂವರು, ಮಗ್ಗುಲು ಬದಲಿಸಿ ಮೈ ಒರೆಸುವವಳು ನಾನೊಬ್ಬಳು. “ಅತ್ತಿಗೆ, ಅಪ್ಪನಿಗೆ ಬೆನ್ನು ಹುಣ್ಣಾಗದ ಹಾಗೆ ನೋಡಿಕೊಳ್ಳಿ” ಎನ್ನುವರು. “ಹೂಂ” ಎನ್ನುವೆ. ಆ ‘ಹೂಂ’ ಹೇಳಲು ಬಾಯಿ ತೆರೆಯಬೇಕಾಗಿಯೇ ಇಲ್ಲ, ಗಮನಿಸಿದ್ದೀರಾ?

ಒಂದು ಭಾನುವಾರ ದವಡೆ ಸಡಿಲ ಬಿಟ್ಟೆ. “ತಿಂಗಳಿಗೊಂದು ವಾರ ಒಬ್ಬೊಬ್ಬರು ಬಂದಿರಿ. ಆಗದಿದ್ದರೆ ಹಗಲಿಗೆ ಆಯಾ ಇಡೋಣ, ಸಂಬಳ ಮೂರು ಪಾಲು” ಎಂದೆ. ಆ ಕಡೆ ಸದ್ದಿಲ್ಲ. ಈ ಕಡೆ ನಮ್ಮ ಮನೆಯವರ ಪೇಪರು ಕೆಳಗಿಳಿಯಿತು. ಎರಡು ದಿನ ಮನೆಯಲ್ಲಿ ಯಾರೂ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ರಾತ್ರಿ ಡಬ್ಬಿಯಿಂದ ಸ್ಪ್ಲಿಂಟ್ ತೆಗೆಯುತ್ತಿದ್ದಾಗ ಅತ್ತೆ ಬಂದು ಮಂಚದ ಅಂಚಿಗೆ ಕೂತರು. ಮೊಂಡಾಗಿ ಸವೆದ ತಮ್ಮ ಹಲ್ಲಿನ ಮೇಲೆ ಬೆರಳಾಡಿಸಿ, “ನೀನು ಹೇಳಿದ್ದು ಸರಿ ಕಣೆ. ನನಗೆ ಹೇಳೋಕೆ ಬಾಯಿ ಬರಲಿಲ್ಲ, ನಲವತ್ತು ವರ್ಷ” ಎಂದರು.

ಮುಂದಿನ ತಿಂಗಳು ಆಯಾ ಬಂದಳು. ಒಬ್ಬ ಮೈದುನ ಈಗಲೂ ಮುನಿಸಿಕೊಂಡಿದ್ದಾನೆ. ‘ಟಕ್’ ಸದ್ದು ಪೂರ್ತಿ ಹೋಗಿಲ್ಲ. ಕೆನ್ನೆಯ ಬಿಗಿತ ಮಾತ್ರ ಎಷ್ಟೋ ಇಳಿದಿದೆ. ಬಿಸಿ ಬಟ್ಟೆಯ ಕಾವು, ಮೆತ್ತನೆಯ ಊಟ, ಡಾಕ್ಟರಮ್ಮ ಕಲಿಸಿದ ವ್ಯಾಯಾಮ ನಡೆದಿದೆ. ಅಗಿಯದೆ ನುಂಗುವ ರಾಗಿಮುದ್ದೆಯ ಬೆಲೆ ಈಗ ಗೊತ್ತಾಗಿದೆ. ಸ್ಪ್ಲಿಂಟೂ ಇದೆ, ಅದರ ಕೆಲಸ ಅದಕ್ಕೆ.

ಅದಿರಲಿ, ಇಷ್ಟು ಹೊತ್ತು ಓದಿದಿರಲ್ಲ, ಈಗ ನಿಮ್ಮ ಹಲ್ಲುಗಳು ಕೂಡಿವೆಯೋ ಬಿಟ್ಟಿವೆಯೋ? ಒಮ್ಮೆ ನೋಡಿಕೊಳ್ಳಿ.