ಊರ ಉಸಾಬರಿ

ಕಸುಬಿನ ಹೆಸರು ಹೇಳಿದ ಕೂಡಲೆ ಜನ ನಗುತ್ತಾರೆ. ಖಾಸಗಿ ಪತ್ತೇದಾರ ಅಂದರೆ ಉದ್ದ ಕೋಟು, ಕಪ್ಪು ಕನ್ನಡಕ, ಬಾಯಲ್ಲಿ ಸಿಗರೇಟು ಇರಬೇಕು ಎಂದು ಸಿನಿಮಾ ಕಲಿಸಿದೆ. ನನ್ನ ಹತ್ತಿರ ಇರುವುದು ಒಂದು ಹಳೇ ಬೈಕು, ಒಂದು ನೋಟ್‌ಬುಕ್ಕು, ಕಂತಿನಲ್ಲಿ ತಗೊಂಡ ಮೊಬೈಲು. ನಮ್ಮ ಕೇರಿಯಲ್ಲಿ ಬಿ.ಎ. ಮುಗಿಸಿದ ಮೊದಲನೆಯವನು ನಾನು. ಆ ಬಿ.ಎ. ಹೋಗಿ ಹೋಗಿ ಇಲ್ಲಿಗೆ ಬಂದು ನಿಂತಿತೆ ಎಂದು ಮರುಗಿದವರೂ ಉಂಟು. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಹೇಳಿ ಬಾಯಿ ಸೋತಿದೆ. ಅದಕ್ಕೇ ಎಲ್ಲರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲು ಅಪ್ಪ. ಕಬ್ಬಿನ ಗದ್ದೆಯಿಂದ ಬಂದು ಕೈಕಾಲು ತೊಳೆಯುತ್ತಿದ್ದ. "ಸರ್ಕಾರದ್ದೇನ್ಲಾ?" ಅಂದ. ಅಲ್ಲ ಅಂದೆ. "ಟೋಪಿ ಕೊಟ್ಟಾರಾ?" ಇಲ್ಲ ಅಂದೆ. "ಲಾಠಿ?" ಅದೂ ಇಲ್ಲ. "ಮತ್ತೆ ನಿನ್ನ ಮಾತ ಯಾವನ್ಲಾ ಕೇಳಾನು?" ಅಂದ.

ಅಪ್ಪ ಹೆಬ್ಬೆಟ್ಟಿನವನು. ಆದರೂ ಈ ಕಸುಬಿನ ಬಗ್ಗೆ ಕಾನೂನಿನ ಸ್ಥಿತಿಯನ್ನು ಅವನಷ್ಟು ಸರಿಯಾಗಿ ಹೇಳಿದವರು ಇನ್ನೊಬ್ಬರಿಲ್ಲ. ಕಾವಲುಗಾರರನ್ನು ಒದಗಿಸುವ ಏಜೆನ್ಸಿಗಳಿಗೆ 2005ರ ಕಾಯ್ದೆ ಇದೆ, ಲೈಸೆನ್ಸು ಬೇಕು. ಪತ್ತೇದಾರಿ ಏಜೆನ್ಸಿಗಳಿಗಾಗಿ 2007ರಲ್ಲಿ ರಾಜ್ಯಸಭೆಯಲ್ಲಿ ಒಂದು ಮಸೂದೆ ಮಂಡನೆಯಾಯಿತು. ಅದು ಕಾಯ್ದೆಯಾಗಲೇ ಇಲ್ಲ. ಹಾಗಾಗಿ ಬೋರ್ಡು ಬರೆಸಿಕೊಂಡವನೆಲ್ಲ ಪತ್ತೇದಾರನೇ. ನನಗೆ ಯಾರನ್ನೂ ಹಿಡಿಯುವ ಅಧಿಕಾರವಿಲ್ಲ, ಯಾರ ಮನೆಯನ್ನೂ ಜಪ್ತಿ ಮಾಡುವಂತಿಲ್ಲ, ಪೋಲೀಸು ಎಂದು ಹೇಳಿಕೊಂಡರೆ ನಾನೇ ಜೈಲಿಗೆ. ಪ್ರಶ್ನೆ ಕೇಳಬಹುದು. ಕೇಳಿದವರು ಉತ್ತರ ಕೊಡಲೇಬೇಕೆಂದೇನಿಲ್ಲ. ಆದರೆ ನಮ್ಮ ತಾತ, ಮುತ್ತಾತ ಯಾವ ಅಧಿಕಾರ ಇಟ್ಟುಕೊಂಡು ಊರಲ್ಲಿ ಬಾಳಿದರು? ಅಧಿಕಾರವಿಲ್ಲದೆ ಬದುಕುವುದನ್ನು ನಮಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

ಅವ್ವ ಬೇರೆ ದಾರಿ ಹಿಡಿದಳು. "ಊರ ಉಸಾಬರಿ ನಮಗ್ಯಾಕಲಾ ಮಗ. ನಮ್ಮನೆ ಬಾಗ್ಲೇ ನೆಟ್ಟಗಿಲ್ಲ, ಕಂಡೋರ್ ಮನೆ ಕಿಂಡಿ ನೋಡಕ್ಕೋಯ್ತೀಯಾ?" ಮಾವ ಕಂಡಕ್ಟರು, ನಾಲ್ಕು ಜನರನ್ನು ಕಂಡವನು. "ಇಷ್ಟು ಆಸೆ ಇದ್ರೆ ಪಿಎಸ್ಐ ಪರೀಕ್ಷೆ ಬರಿ. ಅದಾದ್ರೆ ನಿಜವಾದ ಪತ್ತೆ ಕೆಲ್ಸ" ಅಂದ. ಮಾವನ ಮಾತು ತೆಗೆದುಹಾಕುವಂಥದಲ್ಲ. ಆದರೆ 545 ಪಿಎಸ್ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ನಡೆದ ಪರೀಕ್ಷೆ ಅಕ್ರಮ ಹೊರಬಿದ್ದು 2022ರ ಏಪ್ರಿಲ್‌ನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ನಡುವಿನ ಎರಡು ವರ್ಷಕ್ಕೂ ಮೇಲ್ಪಟ್ಟ ಕಾಲ ಕೂಲಿಯವನ ಮಗ ಏನು ತಿಂದು ಓದಬೇಕು? ಮನೆಯಲ್ಲಿ ತಂಗಿಯ ಕಾಲೇಜು ಫೀಸು ಕೂತಿತ್ತು.

ಇನ್ನು ನನ್ನ ಪದ್ಯಗಳನ್ನು ಮೊದಲು ಓದಿದ ಮೇಷ್ಟ್ರು. ಅವರಿಗೆ ನಿಜವಾಗಿ ನೋವಾಯಿತು. "ಕವಿಯಾಗೋನು ಪಿಸುಣನಾಗ್ತೀಯೇನಯ್ಯ?" ಅಂದರು. ಸಂಘಟನೆಯ ಗೆಳೆಯರು ಅಷ್ಟು ಮೆತ್ತಗೆ ಮಾತಾಡಲಿಲ್ಲ. ಸಭೆಯಲ್ಲಿ ನಾನು ಬಂದು ಕೂತರೆ ಕೆಲವರು ದನಿ ತಗ್ಗಿಸಿದರು. ಅದು ತಪ್ಪೂ ಅಲ್ಲ. ನಮ್ಮ ಸಭೆಗಳ ಹಿಂದಿನ ಬೆಂಚಿನಲ್ಲಿ ಕೂತು ಬರೆದುಕೊಂಡು ಹೋಗುವ ಅಪರಿಚಿತರನ್ನು ನಾವು ಕಂಡಿಲ್ಲವೆ?

ಈ ಹುಚ್ಚು ಎಲ್ಲಿಂದ ಬಂತು ಅಂದರೆ, ತಾಲ್ಲೂಕು ಲೈಬ್ರರಿಯಿಂದ. ಅಲ್ಲಿ ಎನ್. ನರಸಿಂಹಯ್ಯನವರ ಕಾದಂಬರಿಗಳಿದ್ದವು. ನಾಲ್ಕನೇ ಕ್ಲಾಸು ಓದಿದ ಆ ಮನುಷ್ಯ 500ಕ್ಕೂ ಹೆಚ್ಚು ಕಾದಂಬರಿ ಬರೆದರು, ಪತ್ತೇದಾರ ಪುರುಷೋತ್ತಮನನ್ನು ಮನೆಮನೆಗೆ ತಂದರು. ದೊಡ್ಡ ಸಾಹಿತಿಗಳು ಅವರನ್ನು ಪಂಕ್ತಿಯಲ್ಲಿ ಕೂರಿಸಲಿಲ್ಲ. ಸಾಮಾನ್ಯ ಜನ ಕನ್ನಡ ಓದುವ ರೂಢಿ ಮಾಡಿಕೊಂಡದ್ದು ಅಂಥವರಿಂದ. ಲೈಬ್ರರಿಯ ಪುಸ್ತಕಗಳಲ್ಲಿ ಎಷ್ಟೋ ಸಲ ಕೊನೆಯ ಹಾಳೆಗಳೇ ಇರುತ್ತಿರಲಿಲ್ಲ. ಕಳ್ಳ ಯಾರು ಎಂದು ನಾನೇ ಕೂತು ಯೋಚಿಸಬೇಕಿತ್ತು. ಯೋಚಿಸುವ ಆ ಚಟ ಬಿಡಲಿಲ್ಲ.

ಬೆಂಗಳೂರಿನ ಒಂದು ಏಜೆನ್ಸಿಯಲ್ಲಿ ಎರಡು ವರ್ಷ ದುಡಿದೆ. ಸಂಬಳ ತಿಂಗಳಿಗೆ 18,000. ಕೊಲೆ ಇಲ್ಲ, ವಜ್ರದ ಹಾರ ಇಲ್ಲ. ಬರುವ ಕೇಸುಗಳಲ್ಲಿ ಹೆಚ್ಚಿನವು ಮದುವೆಗೆ ಮುಂಚಿನ ವಿಚಾರಣೆ. ಹುಡುಗ ಹೇಳಿದ ಕಂಪನಿಯಲ್ಲೇ ಇದ್ದಾನಾ, ಸಾಲ ಎಷ್ಟು, ಕುಡಿಯುತ್ತಾನಾ, ಮೊದಲೇ ಮದುವೆಯಾಗಿದೆಯಾ. ಮಿಕ್ಕಂತೆ ಗಂಡಹೆಂಡಿರ ಜಗಳ, ಕೆಲಸಕ್ಕೆ ಸೇರುವವರ ಹಿನ್ನೆಲೆ, ವಿಮೆಯ ಸುಳ್ಳು ಕ್ಲೇಮು, ಕಂಪನಿ ಹೆಸರಿನ ನಕಲಿ ಮಾಲು. ಹಗಲೆಲ್ಲ ಮರದ ಕೆಳಗೆ ನಿಂತು ಒಂದು ಗೇಟು ನೋಡುವುದು. ಮೂತ್ರಕ್ಕೆ ಹೋದ ಐದು ನಿಮಿಷದಲ್ಲೇ ನೋಡಬೇಕಾದ ಕಾರು ಹೊರಟುಹೋಗಿರುತ್ತದೆ.

ಯಜಮಾನರು ನನ್ನನ್ನು ಮೆಚ್ಚಿದ್ದರು. ಹೊಸಬರ ಮುಂದೆ ಹೊಗಳುತ್ತಲೂ ಇದ್ದರು: "ಇವನನ್ನ ಎಲ್ಲಿ ಬೇಕಾದ್ರೂ ನಿಲ್ಸಿ, ಯಾರೂ ತಿರುಗಿ ನೋಡಲ್ಲ." ನಿಜವೇ. ಬೆನ್ನಿಗೆ ಡೆಲಿವರಿ ಚೀಲ ಹಾಕಿದರೆ ಆ ದೊಡ್ಡ ಮನೆಗಳ ಬೀದಿಯಲ್ಲಿ ನಾನೊಂದು ಕಂಬ. ಮಾಹಿತಿ ಕೊಡುತ್ತಿದ್ದವರೂ ಅಂಥವರೇ. ಇಸ್ತ್ರಿ ಗಾಡಿಯವನು, ಹಾಲಿನ ಹುಡುಗ, ಅಪಾರ್ಟ್‌ಮೆಂಟಿನ ವಾಚ್‌ಮನ್, ಪಾತ್ರೆ ತೊಳೆಯುವ ಅಕ್ಕ, ಕಸ ಬೇರ್ಪಡಿಸುವ ಅಮ್ಮ. ಯಾವ ಮನೆಯಲ್ಲಿ ಏನು ಬೇಯುತ್ತದೆ, ಯಾವ ಮನೆಯಲ್ಲಿ ಹೆಣ್ಣುಮಗಳು ರಾತ್ರಿ ಅಳುತ್ತಾಳೆ ಎಲ್ಲ ಅವರಿಗೆ ಗೊತ್ತು. ಅವರನ್ನು ಮನುಷ್ಯರೆಂದು ಮಾತಾಡಿಸಲು ಬೇರೆ ಸಿಬ್ಬಂದಿಗೆ ಟ್ರೈನಿಂಗ್ ಬೇಕಿತ್ತು. ನನಗೆ "ಊಟ ಆಯ್ತಾ ಅಕ್ಕಾ" ಅನ್ನುವುದೇ ಸಾಕಾಗುತ್ತಿತ್ತು.

ಆಮೇಲೆ ಆ ಕೇಸು ಬಂತು. ಒಬ್ಬ ಶ್ರೀಮಂತರ ಮಗಳು ತನ್ನ ಆಫೀಸಿನ ಹುಡುಗನನ್ನು ಮೆಚ್ಚಿದ್ದಳು. ಫಾರಂನಲ್ಲಿ ಎಲ್ಲ ಕಾಲಮ್ಮುಗಳನ್ನೂ ತುಂಬಿಸಿದ ಮೇಲೆ ತಂದೆ ಬಾಯಿಮಾತಿನಲ್ಲಿ ಕೇಳಿದ್ದು ಒಂದೇ: "ಹುಡುಗನ ಹೆಸರಲ್ಲಿ ಏನೂ ಗೊತ್ತಾಗಲ್ಲ. ಅವನ ಊರಿಗೆ ಯಾರನ್ನಾದ್ರೂ ಕಳಿಸಿ, ಯಾವ ಜನ ನೋಡಿ." ಕಳಿಸಿದ್ದು ನನ್ನನ್ನು.

ಊರ ಮುಂದಿನ ಅಂಗಡಿಯಲ್ಲಿ ಹುಡುಗನ ಹೆಸರು ಹೇಳಿದೆ. ಅಂಗಡಿಯವನು ಉತ್ತರಕ್ಕೆ ಮೊದಲು ನನ್ನನ್ನು ಮೇಲಿಂದ ಕೆಳಗೆ ನೋಡಿ, "ತಾವು ಯಾವ ಪೈಕಿ?" ಅಂದ. ಬೆಂಗಳೂರಿನವನು ಅಂದೆ. ಅವನು ಗದ್ದ ಎತ್ತಿ ತೋರಿಸಿದ ದಿಕ್ಕಿನಲ್ಲೇ ನನಗೆ ಬೇಕಾದ ಉತ್ತರ ಇತ್ತು. ಯಾವ ಊರಿಗೆ ಹೋದರೂ ಆ ದಿಕ್ಕು ನಮಗೆ ಗೊತ್ತಾಗುತ್ತದೆ. ಹುಡುಗನ ತಾಯಿ ಮನೆ ಮುಂದೆ ರಾಗಿ ಕೇರುತ್ತಿದ್ದಳು. ಯಾರು ಏನು ಎಂದು ಕೇಳದೆ ನೀರು ಕೊಟ್ಟಳು. ಮಗ ಕಳಿಸಿದ ಹಣದಲ್ಲಿ ಹಾಕಿಸಿದ ಶೀಟು, ಗೋಡೆಯ ಮೇಲೆ ಬಾಬಾಸಾಹೇಬರ ಫೋಟೊ.

ರಿಪೋರ್ಟು ಬರೆದೆ. ಕೆಲಸ ನಿಜ, ಸಂಬಳ ನಿಜ, ಕೆಟ್ಟ ಚಟ ಇಲ್ಲ, ಪೋಲೀಸು ಕೇಸಿಲ್ಲ, ಹಿಂದೆ ಮದುವೆಯಾಗಿಲ್ಲ. ಜಾತಿಯ ಬಗ್ಗೆ: ಇದು ನಾನು ತನಿಖೆ ಮಾಡುವ ವಿಷಯವಲ್ಲ. ಯಜಮಾನರು ಹಾಳೆಯನ್ನು ವಾಪಸು ತಳ್ಳಿ, "ಅವರು ದುಡ್ಡು ಕೊಟ್ಟಿರೋದೇ ಆ ಒಂದು ಲೈನಿಗೆ ಕಣಯ್ಯ" ಅಂದರು. ಪ್ರಾಯಕ್ಕೆ ಬಂದ ಇಬ್ಬರು ಒಪ್ಪಿ ಮದುವೆಯಾಗಲು ಮನೆಯವರ, ಕುಲದವರ ಒಪ್ಪಿಗೆ ಬೇಕಿಲ್ಲ ಎಂದು ಸುಪ್ರೀಂ ಕೋರ್ಟು 2018ರಲ್ಲೇ ಶಕ್ತಿವಾಹಿನಿ ಪ್ರಕರಣದಲ್ಲಿ ಹೇಳಿದೆ ಅಂದೆ. ಅದು ಕೋರ್ಟಿನ ಮಾತು, ಇದು ಬಿಸಿನೆಸ್ಸು ಅಂದರು. ಜಾತಿ ಮೀರಿದ ಮಕ್ಕಳನ್ನು ಹೆತ್ತವರೇ ಕೊಂದ ಸುದ್ದಿಗಳನ್ನು ಈ ರಾಜ್ಯದಲ್ಲೂ ನಾವು ಓದಿದ್ದೇವೆ. ನನ್ನ ಒಂದು ಲೈನು ಯಾವ ಮನೆಯ ಬಾಗಿಲಿಗೆ ಹೋಗಿ ನಿಲ್ಲುತ್ತದೋ ಯಾರಿಗೆ ಗೊತ್ತು. ಅವತ್ತೇ ಲೆಕ್ಕ ಚುಕ್ತಾ ಮಾಡಿಸಿಕೊಂಡು ಬಂದೆ. ಆ ಲೈನನ್ನು ಇನ್ನೊಬ್ಬ ಬರೆದಿರುತ್ತಾನೆ, ನನಗೆ ಭ್ರಮೆಯಿಲ್ಲ. ಆ ಹುಡುಗ ಹುಡುಗಿ ಏನಾದರೋ ತಿಳಿಯದು.

"ನೋಡು, ನಾವು ಹೇಳಲಿಲ್ವಾ" ಎಂದು ಎಲ್ಲರೂ ಅಂದರು. ಕಸುಬು ಬಿಡುತ್ತೇನೆ ಅಂದುಕೊಂಡರು. ನಾನು ಬಿಟ್ಟದ್ದು ಏಜೆನ್ಸಿಯನ್ನು.

ಮೇಷ್ಟ್ರ ಪ್ರಶ್ನೆಗೆ ಉತ್ತರ ಹೇಳಬೇಕು. ಇನ್ನೊಬ್ಬರ ಬದುಕನ್ನು ಇಣುಕುವುದು ಸರಿಯೆ? ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದರು. ಆ ಅರ್ಜಿ ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಬಚ್ಚಲಿಗೂ ಬಾಗಿಲಿಲ್ಲದ ಮನೆಯಲ್ಲಿ ಬೆಳೆದವನಿಗೆ ಆ ತೀರ್ಪಿನ ಬೆಲೆ ಗೊತ್ತು. ಊರಿನ ಕಣ್ಣು ನಮ್ಮ ಮೇಲೆ ಯಾವಾಗಲೂ ಇತ್ತು: ಯಾವ ಚಪ್ಪಲಿ ಹಾಕಿದ, ಯಾವ ಬಾವಿ ಮುಟ್ಟಿದ, ಯಾರ ಮುಂದೆ ಬೈಕಿಂದ ಇಳಿಯಲಿಲ್ಲ. 1871ರಲ್ಲಿ ಬ್ರಿಟಿಷರು ತಂದ ಕಾಯ್ದೆ ಹುಟ್ಟಿನಿಂದಲೇ ಕೆಲವು ಬುಡಕಟ್ಟುಗಳನ್ನು ಅಪರಾಧಿಗಳೆಂದು ಬರೆದು ಠಾಣೆಯಲ್ಲಿ ಹಾಜರಿ ಹಾಕಿಸಿತು. ಅದು ರದ್ದಾದದ್ದು 1952ರಲ್ಲಿ. ಆದ್ದರಿಂದ ನನ್ನ ಕಟ್ಟಳೆಗಳನ್ನು ನಾನೇ ಹಾಕಿಕೊಂಡಿದ್ದೇನೆ. ಜಾತಿ ಕೇಳುವುದಿಲ್ಲ. ಹೆಣ್ಣುಮಕ್ಕಳ ಬೆನ್ನು ಹತ್ತುವುದಿಲ್ಲ. ಅದು 2013ರಿಂದ ಕಾನೂನಿನಲ್ಲೂ ಅಪರಾಧ. ಮನೆಯೊಳಗೆ ಕ್ಯಾಮೆರಾ ಇಡುವುದಿಲ್ಲ. ಫೋನ್ ಕರೆಗಳ ಪಟ್ಟಿ ತಂದುಕೊಡು ಅಂದವರನ್ನು ಬಾಗಿಲಿಂದಲೇ ಕಳಿಸುತ್ತೇನೆ. ಆ ಪಟ್ಟಿಗಳನ್ನು ಕಳ್ಳದಾರಿಯಲ್ಲಿ ಮಾರಿದ ಆರೋಪದ ಮೇಲೆ 2018ರಲ್ಲಿ ಠಾಣೆ ಪೋಲೀಸರು ಖಾಸಗಿ ಪತ್ತೇದಾರರನ್ನೇ ಬಂಧಿಸಿದ್ದರು.

ಹಾಗಾದರೆ ಉಳಿದದ್ದೇನು? ಸಾಕ್ಷ್ಯ ಉಳಿಯಿತು. ನಮ್ಮವರು ಸೋಲುವುದು ಬಹಳ ಸಲ ಅಲ್ಲೇ. ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಏಳು ಹೆಣ ಬಿದ್ದದ್ದು ನಿಜ, ಸುಟ್ಟವರು ಯಾರೂ ಇಲ್ಲ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರಲ್ಲಿ ದಲಿತರ ಮೇಲೆ ನಡೆದ ದಾಳಿಗೆ ಕೊಪ್ಪಳದ ಕೋರ್ಟು 2024ರ ಅಕ್ಟೋಬರಿನಲ್ಲಿ 101 ಮಂದಿಯನ್ನು ತಪ್ಪಿತಸ್ಥರೆಂದು ಹೇಳಿ, 98 ಮಂದಿಗೆ ಜೀವಾವಧಿ ಕೊಟ್ಟಿತು. ಮೇಲಿನ ಕೋರ್ಟು, ಜಾಮೀನು ಎಲ್ಲ ಇದ್ದದ್ದೇ. ಆದರೂ ಹತ್ತು ವರ್ಷ ಸಾಕ್ಷಿ ನಿಲ್ಲಬಲ್ಲದು ಎಂದು ಅಲ್ಲಿ ಗೊತ್ತಾಯಿತು. ಇಂಥ ಕೇಸುಗಳ ತನಿಖೆ ಪೋಲೀಸರದು, ನಾನು ಅದರಲ್ಲಿ ಕೈ ಹಾಕುವಂತಿಲ್ಲ. ಸಾಕ್ಷಿಗೆ ಪಾಠ ಹೇಳಿಕೊಡುವಂತೆಯೂ ಇಲ್ಲ. ಆದರೆ ಸಣ್ಣ ಪುಟ್ಟ ನೂರು ವ್ಯಾಜ್ಯಗಳಲ್ಲಿ ಕಾಗದ, ತಾರೀಖು, ಫೋಟೊ ಜೋಡಿಸಿಕೊಡುವವರು ನಮ್ಮ ಕಡೆ ಯಾರಿದ್ದಾರೆ?

ಈಗ ತಾಲ್ಲೂಕು ಕೋರ್ಟಿನ ಎದುರು ಒಂದು ಟೈಪಿಂಗ್ ಅಂಗಡಿಯ ಅರ್ಧ ಭಾಗ ನನ್ನದು. ಬಾಡಿಗೆ 1,500. ವಕೀಲರು ಕೆಲಸ ಕೊಡುತ್ತಾರೆ. ಊರು ಬಿಟ್ಟ ಪ್ರತಿವಾದಿಯ ವಿಳಾಸ ಹುಡುಕುವುದು, ಜೀವನಾಂಶ ಕೊಡಲು ದುಡಿಮೆಯೇ ಇಲ್ಲ ಅನ್ನುವ ಗಂಡ ಎಲ್ಲಿ ಅಂಗಡಿ ಇಟ್ಟಿದ್ದಾನೆ ನೋಡುವುದು. ಮೊಬೈಲಲ್ಲಿ ಫೋಟೊ ಹೊಡೆದ ಮಾತ್ರಕ್ಕೆ ಕೋರ್ಟು ಒಪ್ಪುವುದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಪ್ರಮಾಣಪತ್ರ ಬೇಕು: ಯಾವ ಯಂತ್ರ, ಯಾರ ಕೈಯಲ್ಲಿತ್ತು, ಫೈಲಿನ ಹ್ಯಾಶ್ ಎಷ್ಟು. ಹ್ಯಾಶ್ ಅಂದರೆ ಫೈಲಿನ ಬೆರಳಚ್ಚು. ಒಂದು ಚುಕ್ಕಿ ಬದಲಾದರೂ ಅದು ಬದಲಾಗುತ್ತದೆ. ಹೆಬ್ಬೆಟ್ಟಿನ ಮಗ ನಾನು, ಇದನ್ನು ಬೇಗ ಕಲಿತೆ.

ಪಕ್ಕದೂರಿನ ಒಬ್ಬಳು ಅಜ್ಜಿ ಬಂದಳು. ಮಾವನಿಗೆ ಸರ್ಕಾರ ಕೊಟ್ಟಿದ್ದ ಎರಡು ಎಕರೆಯಲ್ಲಿ ಈಗ ಯಾರದೋ ಕೋಳಿ ಶೆಡ್ಡು. ಕೈಯಲ್ಲಿ ಒಂದು ಚೂರು ಕಾಗದವಿಲ್ಲ. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿಯಿಲ್ಲದೆ ಪರಭಾರೆ ಮಾಡುವಂತಿಲ್ಲ ಎಂದು 1978ರ ಪಿಟಿಸಿಎಲ್ ಕಾಯ್ದೆ ಹೇಳುತ್ತದೆ. ತಡವಾಗಿ ಬಂದಿರಿ ಎಂದು ಅರ್ಜಿಗಳು ಬಿದ್ದುಹೋಗುತ್ತಿದ್ದವು; 2023ರ ತಿದ್ದುಪಡಿ ಕಾಲಮಿತಿ ಇಲ್ಲ ಅಂದಿತು. ಕಾನೂನು ಇದೆ, ಮಂಜೂರಾತಿ ಆದೇಶ ಬೇಕು. ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. "ಕಡತ ಲಭ್ಯವಿಲ್ಲ" ಎಂಬ ಉತ್ತರ ಬಂತು. ಕೈಬರಹದ ಹಳೇ ಪಹಣಿಗಳನ್ನು ವರ್ಷ ವರ್ಷವೇ ತೆಗೆಸಿದೆ. 9ನೇ ಕಾಲಮ್ಮಿನಲ್ಲಿ ಮಾವನ ಹೆಸರು ಸಿಕ್ಕಿತು, ಪಕ್ಕದಲ್ಲಿ ಮ್ಯುಟೇಶನ್ ನಂಬರು ಸಿಕ್ಕಿತು, ಆ ನಂಬರು ಹಿಡಿದು ಹೋದಾಗ ಮಂಜೂರಾತಿ ಆದೇಶದ ನಂಬರೂ ತಾರೀಖೂ ಸಿಕ್ಕಿದವು. ನಂಬರು ಕಾಣಿಸಿ ಮತ್ತೆ ಅರ್ಜಿ ಹಾಕಿದ ಮೇಲೆ ಇಲ್ಲದ ಕಡತ ಇತ್ತು. ಕ್ರಯಪತ್ರ 1983ರದು, ಅನುಮತಿ ಇಲ್ಲ. ಈ ಕೆಲಸಕ್ಕೆ ನಾಲ್ಕು ತಿಂಗಳು ಹಿಡಿಯಿತು. ಕೇಸು ಈಗ ಎ.ಸಿ. ಕೋರ್ಟಿನಲ್ಲಿದೆ, ಗೆಲ್ಲುತ್ತದೋ ಸೋಲುತ್ತದೋ ಹೇಳಲಾರೆ. ಅಜ್ಜಿ ಕೊಟ್ಟ ಫೀಸು ಎರಡು ಸೇರು ಹುರುಳಿಕಾಳು. ಅವಳ ಬಾಯಲ್ಲಿ ನಾನು "ಕಾಗ್ದ ಹುಡ್ಕೋ ಮಗ".

ಈಚೆಗೆ ಅಂಗಡಿಗೆ ಇಬ್ಬರು ಹುಡುಗರು ಬಂದು ಕೂರುತ್ತಿದ್ದಾರೆ. ಒಬ್ಬನದು ಬಿ.ಕಾಂ. ಅರ್ಧಕ್ಕೆ ನಿಂತಿದೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಓದುತ್ತಿರುವ ತಮ್ಮ ತಂಗಿಯರಿಗೂ ಹೇಳುತ್ತೇನೆ. ಕಂಡದ್ದನ್ನು ಕಂಡ ಗಳಿಗೆಯಲ್ಲೇ ಬರೆಯಿರಿ, ತಾರೀಖು ಗಂಟೆ ಸಮೇತ. ಕೇಳಿದ್ದನ್ನು ಕಂಡದ್ದು ಎಂದು ಬರೆಯಬೇಡಿ. ಪದ್ಯ ಬರೆಯುವವರಾದರೆ ಅದಕ್ಕೆ ಬೇರೆ ನೋಟ್‌ಬುಕ್ಕು ಇಡಿ. ಪಹಣಿ ಓದಲು ಕಲಿಯಿರಿ, ಇದು ಎಲ್ಲಕ್ಕಿಂತ ಮೊದಲು. ಬರುವುದಾದರೆ ಬನ್ನಿ, ಕಲಿಸುತ್ತೇನೆ. ದುಡ್ಡು ಕಡಿಮೆ, ನಡಿಗೆ ಜಾಸ್ತಿ, ಮಧ್ಯಾಹ್ನ ಅವ್ವ ಕಳಿಸುವ ಮುದ್ದೆ ಇದೆ.