ಮೋಡಿಯಿಂದ ಮೋಡಕ್ಕೆ

ನಮ್ಮ ಸೀಮೆಯ ಒಕ್ಕಲಿಗನಿಗೆ ಮೋಡವೆಂದರೆ ನಂಬಿಗೆಗೆ ಯೋಗ್ಯವಾದ ವಸ್ತುವಲ್ಲ. ಮೃಗಶಿರೆಯಲ್ಲಿ ಕರ್ರಗೆ ಕವಿದು ಬರುವದು. ಜಮಖಂಡಿಯ ಗುಡ್ಡವನ್ನು ದಾಟುವಷ್ಟರಲ್ಲಿ ಚದರಿ ಹೋಗುವದು. ಇಂತಹ ಮೋಡದಲ್ಲಿ ಈಗ ನಮ್ಮ ಹೊಲದ ಉತಾರ, ಕೂಸಿನ ಜನನದ ದಾಖಲೆ, ಅಂಗಡಿಯ ಕೀರ್ದಿ-ಖಾತೆಗಳೆಲ್ಲ ಭದ್ರವಾಗಿರುವವೆಂದು ಹೇಳಿದರೆ ಹಿಂದಿನ ಹಿರಿಯರು ನಕ್ಕುಬಿಟ್ಟಾರು. ಸಾಲದ್ದಕ್ಕೆ ಭಾರತ ಸರಕಾರವು 2014ರಲ್ಲಿ ಆರಂಭಿಸಿದ ತನ್ನ ಗಣಕಮೋಡಕ್ಕೆ ‘ಮೇಘರಾಜ’ನೆಂದೇ ನಾಮಕರಣ ಮಾಡಿದೆ. ಮಳೆರಾಯನನ್ನು ಹಾಡಿ ಕರೆಯುವ ನಾಡಿಗೆ ಮೇಘರಾಜನು ದಫ್ತರವನ್ನು ಹೊತ್ತುಕೊಂಡು ಬಂದಂತಾಯಿತು!

ನನ್ನ ಮಗನು ಬೆಂಗಳೂರಿನ ಒಂದು ವ್ಯಾಪಾರಿ ಸಂಸ್ಥೆಯಲ್ಲಿ ಈ ಮೋಡದ ಕೆಲಸವನ್ನೇ ಮಾಡುತ್ತಿರುವನು. “ಮಗ ಏನ್ ಮಾಡ್ತಾನ್ರೀ?” ಎಂದು ನೆರೆಯವರು ಕೇಳಿದರೆ, ವಕೀಲನೆಂದೋ ವೈದ್ಯನೆಂದೋ ಹೇಳಿದಷ್ಟು ಸುಲಭವಾಗಿ ಉತ್ತರ ಕೊಡಲಿಕ್ಕೆ ಬರುವಂತಿರಲಿಲ್ಲ. ದೀಪಾವಳಿಗೆ ಬಂದಾಗ ಅವನನ್ನೇ ಕೂಡಿಸಿಕೊಂಡು ಕೇಳಿದೆನು.

“ಅಪ್ಪಾ, ಮೋಡವೆಂಬುದು ಹೆಸರಿಗಷ್ಟೇ,” ಎಂದನು. “ನಿಜವಾಗಿ ಅದು ನೆಲದ ಮೇಲಿನ ಕಟ್ಟಡ. ಒಳಗೆ ಕಪಾಟುಗಳ ಸಾಲು, ಕಪಾಟುಗಳ ತುಂಬ ಗಣಕಯಂತ್ರ. ಅವು ಕಾಯಬಾರದೆಂದು ಹಗಲಿರುಳೂ ತಂಪು ಗಾಳಿ. ಕರೆಂಟು ಹೋದರೆ ಬ್ಯಾಟರಿ, ಬ್ಯಾಟರಿಯ ಹಿಂದೆ ಡೀಸೆಲ್ ಯಂತ್ರ.”

“ಒಬ್ಬೊಬ್ಬ ವ್ಯಾಪಾರಿಗೆ ಒಂದೊಂದು ಯಂತ್ರವೋ?”

“ಹಿಂದೆ ಹಾಗಿತ್ತು. ದಿನದ ಬಹುಭಾಗ ಅವು ಸುಮ್ಮನೆ ಕೂತಿರುತ್ತಿದ್ದವು. ಈಗ ನಮ್ಮ ಓಣಿಯ ದೊಡ್ಡ ವಾಡೆಯಂತೆ. ವಾಡೆ ಒಂದೇ, ಬಿಡಾರ ಹತ್ತು. ಪ್ರತಿಯೊಬ್ಬರಿಗೂ ತಮ್ಮದೇ ಬಾಗಿಲು, ತಮ್ಮದೇ ಕೀಲಿ. ಯಾರಿಗೆ ಎಷ್ಟು ಕೋಣೆ, ಎಷ್ಟು ನೀರು ಎಂದು ಹಂಚಿಕೊಡಲಿಕ್ಕೆ ಒಬ್ಬ ಕಾರಭಾರಿ. ನಮ್ಮಲ್ಲಿ ಆ ಕಾರಭಾರಿಗೆ ಹೈಪರ್‌ವೈಸರ್ ಎನ್ನುತ್ತಾರೆ. ಒಂದು ಯಂತ್ರದೊಳಗೆ ಹೀಗೆ ಹತ್ತು ಯಂತ್ರಗಳನ್ನು ಕಲ್ಪಿಸುವದೇ ವರ್ಚುವಲೈಸೇಶನ್.”

ಇದು ನಿನ್ನೆಯ ಯುಕ್ತಿಯಲ್ಲವೆಂದೂ ಅವನು ತಿಳಿಸಿದನು. ಅಮೇರಿಕೆಯ ಐಬಿಎಂ ಸಂಸ್ಥೆಯು ಇದನ್ನು 1960ರ ದಶಕದಲ್ಲಿಯೇ ಪ್ರಯೋಗಿಸಿ, 1972ರಲ್ಲಿ ಮಾರಾಟಕ್ಕೆ ತಂದಿತು. 1999ರಲ್ಲಿ ವಿಎಂವೇರ್ ಎಂಬ ಸಂಸ್ಥೆಯು ಅದೇ ವಿದ್ಯೆಯನ್ನು ಸಾಮಾನ್ಯ ಗಣಕಗಳಿಗೂ ಅಳವಡಿಸಿತು. 2006ರಲ್ಲಿ ಅಮೆಜಾನ್ ಸಂಸ್ಥೆಯು ತನ್ನ ಯಂತ್ರಗಳನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಬಿಟ್ಟಿತು. ರಬಕವಿ-ಬನಹಟ್ಟಿಯ ಸೀರೆಯ ವ್ಯಾಪಾರಿಗೆ ಇದರ ಸ್ವಾರಸ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಬ್ಬದ ದಿನಗಳಲ್ಲಿ ಮಗ್ಗಗಳು ಸಾಲವು. ಹಬ್ಬ ಮುಗಿದ ಮೇಲೆ ಅವೇ ಹೆಚ್ಚು. ಬೇಕಾದಾಗ ಹಿಡಿದು ಬೇಡಾದಾಗ ಬಿಡುವಂತಿದ್ದರೆ ಯಾರು ತಾನೇ ಒಲ್ಲೆನೆಂದಾರು? ನನಗೆ ಎಲ್ಲಕ್ಕೂ ಸೋಜಿಗವೆನಿಸಿದ್ದು ಮತ್ತೊಂದು ಮಾತು. ವಾಡೆಯ ಗೋಡೆ ಬಿರುಕುಬಿಟ್ಟರೆ, ಒಲೆಯ ಬೆಂಕಿ ಆರದಂತೆ, ಉಣ್ಣುವವರ ತುತ್ತು ನಿಲ್ಲದಂತೆ, ಇಡೀ ಸಂಸಾರವನ್ನು ಬೇರೆ ವಾಡೆಗೆ ಸಾಗಿಸಬಹುದಂತೆ!

ನಮ್ಮ ಭಾಗದ ದಾಖಲೆಗಳು ಕಂಡಷ್ಟು ವಾಡೆಗಳನ್ನು ಬೇರೆ ಯಾವವೂ ಕಂಡಿರಲಾರವು. ಜಮಖಂಡಿಯಲ್ಲಿ ಪಟವರ್ಧನರ ಆಳಿಕೆ, ಮುಧೋಳದಲ್ಲಿ ಘೋರ್ಪಡೆಯವರದು. ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದು. ಬೀಳಗಿ ಇಂಗ್ರೇಜರ ವಿಜಾಪುರ ಜಿಲ್ಲೆಯಲ್ಲಿ. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರಲ್ಲಿ ಎಲ್ಲವೂ ಮೈಸೂರು ರಾಜ್ಯಕ್ಕೆ ಬಂದವು. 1997ರಲ್ಲಿ ಬಾಗಲಕೋಟೆ ಜಿಲ್ಲೆಯಾಯಿತು. ಹೊಲ ಇದ್ದಲ್ಲಿಯೇ ಇತ್ತು. ಅದರ ಕಾಗದ ಮಾತ್ರ ದಫ್ತರದಿಂದ ದಫ್ತರಕ್ಕೆ ವಲಸೆ ಹೋಯಿತು. ನಮ್ಮ ಮನೆತನದ ಹಳೆಯ ಕಾಗದಗಳು ಮರಾಠಿಯ ಮೋಡಿ ಲಿಪಿಯಲ್ಲಿದ್ದು, ಕೃಷ್ಣೆಯ ದಂಡೆಯ ಹಳ್ಳಿಯಲ್ಲಿ ಅಣ್ಣನ ಮನೆಯ ಟ್ರಂಕಿನಲ್ಲಿದ್ದವು.

2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣೆ, ಘಟಪ್ರಭೆಗಳೆರಡೂ ಉಕ್ಕಿದವು. ಮುಧೋಳ-ಜಮಖಂಡಿಗಳ ನದೀತೀರದ ಎಷ್ಟೋ ಹಳ್ಳಿಗಳು ನೀರಿನಲ್ಲಿ ನಿಂತವು. ಅಣ್ಣನೂ ವೈನಿಯೂ ದನಕರುಗಳೊಡನೆ ಎತ್ತರದ ಊರಿಗೆ ಬಂದು ಪಾರಾದರು, ಟ್ರಂಕು ಹಿಂದುಳಿಯಿತು. ನೀರಿಳಿದ ಮೇಲೆ ಹೋಗಿ ಮುಚ್ಚಳ ತೆಗೆದರೆ ಮೇಲಿನ ಕಟ್ಟುಗಳಷ್ಟೇ ಕಾಗದವಾಗಿ ಉಳಿದಿದ್ದವು, ಕೆಳಗಿನದೆಲ್ಲ ಮುದ್ದೆ.

ಅಣ್ಣನಿಗೆ ಹೊಲದ ಚಿಂತೆ. ಪರಿಹಾರ ಕೇಳಬೇಕಾದರೂ, ಸಾಲ ತೆಗೆಯಬೇಕಾದರೂ ಉತಾರ ಬೇಕು. ಆದರೆ ಉತಾರ ಒಂದೇ ದಿನದಲ್ಲಿ ಕೈಗೆ ಬಂದಿತು. ಅದರ ಹಿಂದಿನ ಕತೆ ದೊಡ್ಡದು. 2000ದ ಸುಮಾರಿಗೆ ಕರ್ನಾಟಕ ಸರಕಾರವು ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳನ್ನು ಗಣಕಕ್ಕೆ ಏರಿಸಿತು. ಕೈಬರಹದ ಉತಾರವನ್ನು ನಿಲ್ಲಿಸಿ, 15 ರೂಪಾಯಿಗೆ ಮುದ್ರಿತ ಪ್ರತಿಯನ್ನು ಕೊಡತೊಡಗಿತು. ಮೊದಲು ತಾಲೂಕಿಗೊಂದು ಗಣಕದಲ್ಲಿ ಇದ್ದ ಆ ದಾಖಲೆಗಳು ಮುಂದೆ ಬೆಂಗಳೂರಿನ ರಾಜ್ಯ ದತ್ತಾಂಶ ಕೇಂದ್ರದಲ್ಲಿ ಒಟ್ಟುಗೂಡಿದವು. ಕೃಷ್ಣೆ ಎಷ್ಟು ಉಕ್ಕಿದರೂ ಬೆಂಗಳೂರಿನ ಕಪಾಟಿಗೆ ಏರಲಾರಳಷ್ಟೆ! ಮಗನ ಉದ್ಯೋಗದ ಬೆಲೆ ನನಗೆ ಅಂದು ತಿಳಿದಷ್ಟು ಅವನ ಸಂಬಳದಿಂದ ಎಂದೂ ತಿಳಿದಿರಲಿಲ್ಲ.

ಆದರೆ ವೈನಿಯ ಮುಖದಲ್ಲಿ ಸಮಾಧಾನವಿರಲಿಲ್ಲ. “ಹೊಲದ ಕಾಗದ ಸಿಕ್ಕಿತು, ಚಲೋ ಆತು. ಅತ್ತಿಯವರು ಬರೆದಿಟ್ಟ ಹಾಡಿನ ವಹಿ ಯಾವ ಕಚೇರಿಯೊಳಗ ಸಿಕ್ಕೀತು, ಭಾವಾ?” ಎಂದರು. ಬೀಸುವ ಕಲ್ಲಿನ ಮುಂದೆ ಹಾಡುತ್ತಿದ್ದ ಹಾಡುಗಳನ್ನು ನಮ್ಮ ಅವ್ವ ಪೆನ್ಸಿಲಿನಿಂದ ಬರೆದಿಟ್ಟ ವಹಿಯದು. ನನ್ನಲ್ಲಿ ಉತ್ತರವಿರಲಿಲ್ಲ. ಏರಿದ ನೀರನ್ನಷ್ಟೇ ಮೋಡವು ಮಳೆಯಾಗಿ ಸುರಿಸಬಲ್ಲದು. ಸರಕಾರಕ್ಕೆ ಬೇಕಾದದ್ದನ್ನು ಸರಕಾರವು ಏರಿಸಿತು; ನಮಗೆ ಬೇಕಾದದ್ದನ್ನು ಏರಿಸುವವರು ನಾವೇ ಅಲ್ಲವೇ?

ಏರಿಸಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದೂ ಅಲ್ಲ. “ಸರ್ವರ್ ಇಲ್ಲ” ಎಂಬ ಒಂದು ಮಾತಿಗೆ ದಿನವಿಡೀ ಕಟ್ಟೆಯ ಮೇಲೆ ಕೂತೆದ್ದು ಬರುವ ರೈತರನ್ನು ನಾವೆಲ್ಲ ನೋಡಿದ್ದೇವೆ. 2025ರ ಜನವರಿಯಲ್ಲಿ ಆಸ್ತಿ ನೋಂದಣಿಯ ‘ಕಾವೇರಿ 2.0’ ವ್ಯವಸ್ಥೆಯ ಮೇಲೆ ದುರುಳರು ಸುಳ್ಳು ಕೋರಿಕೆಗಳ ಸುರಿಮಳೆಗರೆದು, ನಿಜವಾದ ಗಿರಾಕಿಗಳಿಗೆ ಬಾಗಿಲೇ ಸಿಗದಂತೆ ಮಾಡಿದ್ದರು. ಇಷ್ಟೇ ಅಲ್ಲದೆ ಮೋಡಕ್ಕೆ ಸತ್ಯಾಸತ್ಯಗಳ ವಿವೇಕವಿಲ್ಲ. ತಪ್ಪಾಗಿ ಬರೆದ ಹೆಸರನ್ನೂ ಅದು ಅಷ್ಟೇ ಶ್ರದ್ಧೆಯಿಂದ ಕಾಯುವದು. ಬೀಳಗಿಯ ಕಡೆಗೆ ಆಲಮಟ್ಟಿಯ ಹಿನ್ನೀರಿನಲ್ಲಿ ಹೊಲ ಮುಳುಗಿಸಿಕೊಂಡವರು ನಮ್ಮ ಬೀಗರಲ್ಲಿ ಇದ್ದಾರೆ. ಹೊಲದ ಹಳೆಯ ಸರ್ವೆ ನಂಬರು ಅವರ ಬಾಯಲ್ಲಿದೆ; ಬದುವಿನ ಮೇಲಿನ ಬೇವಿನ ಮರ ಯಾವ ದಾಖಲೆಯಲ್ಲಿಯೂ ಇಲ್ಲ.

ಟ್ರಂಕಿನಲ್ಲಿ ಒಣಗಿ ಉಳಿದ ಮೋಡಿ ಕಾಗದಗಳನ್ನು ಓದಬಲ್ಲವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ. ಮೋಡಿ ಬಲ್ಲ ವೃದ್ಧರೊಬ್ಬರನ್ನು ಹುಡುಕಿ ಓದಿಸಿದೆವು. ಅವುಗಳಲ್ಲೊಂದು, ಬರಗಾಲದಲ್ಲಿ ಒತ್ತೆಯಿಟ್ಟ ಹೊಲವನ್ನು ನಮ್ಮ ಮುತ್ತಜ್ಜನು ಹಣ ತೀರಿಸಿ ಬಿಡಿಸಿಕೊಂಡದ್ದರ ಪಾವತಿ! ಮೂರು ತಲೆಮಾರು ಆ ಕಾಗದವನ್ನು ದೇವರಂತೆ ಕಾಯ್ದುಕೊಂಡು ಬಂದಿತ್ತು; ಅದರಲ್ಲಿ ಏನಿದೆಯೆಂಬುದು ಒಬ್ಬರಿಗೂ ಗೊತ್ತಿರಲಿಲ್ಲ. ಕಾಯುವವನಿದ್ದು ಓದುವವನಿಲ್ಲದಿದ್ದರೆ ಟ್ರಂಕೂ ಅಷ್ಟೇ, ಮೋಡವೂ ಅಷ್ಟೇ. ಇಂದಿನ ಗಣಕದ ಬರಹವೂ ಕಾಲಕಾಲಕ್ಕೆ ಹೊಸ ರೂಪಕ್ಕೆ ತಿರುಗಿಸದೆ ಹೋದರೆ ಮುಂದಿನವರಿಗೆ ಮೋಡಿಯೇ ಆದೀತೆಂದು ಮಗನೂ ಒಪ್ಪಿದನು.

ಆದುದರಿಂದ ಗೃಹಿಣಿಯರಲ್ಲಿಯೂ ಗೃಹಸ್ಥರಲ್ಲಿಯೂ ನನ್ನದೊಂದು ವಿನಂತಿ. ಮನೆಯ ಮುಖ್ಯ ಕಾಗದಗಳ ಒಂದು ಪ್ರತಿ ಮನೆಯಲ್ಲಿರಲಿ; ಇನ್ನೊಂದು ಪರವೂರಿನ ಬಳಗದವರಲ್ಲಿರಲಿ; ಮೂರನೆಯದು ಮೋಡದಲ್ಲಿರಲಿ. ಉತಾರದ ಜೊತೆಗೆ ಅಜ್ಜಿಯ ಹಾಡೂ ಅಲ್ಲಿಗೆ ಏರಲಿ. ಕೀಲಿಯ ಗುಟ್ಟು ಒಬ್ಬರಲ್ಲಿಯೇ ಉಳಿಯದೆ ಮನೆಯ ಇಬ್ಬರಿಗಾದರೂ ತಿಳಿದಿರಲಿ. ಎಲ್ಲಕ್ಕೂ ಮಿಗಿಲಾಗಿ, ಇದು ಯಾರದು, ಏತರದು ಎಂಬುದನ್ನು ಮಕ್ಕಳನ್ನು ಹತ್ತಿರ ಕೂಡಿಸಿಕೊಂಡು ಬಾಯಿಂದ ಹೇಳಿರಿ. ವೈನಿಗೆ ನೆನಪಿದ್ದ ಹದಿನಾಲ್ಕು ಹಾಡುಗಳನ್ನು ನನ್ನ ಮೊಮ್ಮಗಳು ಈ ಸಲದ ಸೂಟಿಯಲ್ಲಿ ಕೇಳಿ ಬರೆದುಕೊಂಡಿದ್ದಾಳೆ. ಎರಡನ್ನು ಹಾಡಲಿಕ್ಕೂ ಕಲಿತಿದ್ದಾಳೆ.