ಪಗ್‌ನ ತುರಿಕೆ, ಚಿಗಟದ ಜೊಲ್ಲು

ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಪಗ್, ಶಿಟ್ಜು ಸಾಕಿದವರಿಂದ ಪದೇ ಪದೇ ಕೇಳಿಬರುವ ದೂರು: ನಾಯಿ ರಾತ್ರಿಯಿಡೀ ಕೆರೆದುಕೊಳ್ಳುತ್ತದೆ. ಶಾಂಪೂ ಬದಲಾಗುತ್ತದೆ, ಊಟ ಬದಲಾಗುತ್ತದೆ, ತುರಿಕೆ ಮಾತ್ರ ನಿಲ್ಲುವುದಿಲ್ಲ.

ಬಾಲದ ಬುಡ, ಸೊಂಟ, ಹಿಂಗಾಲಿನ ತೊಡೆ ತುರಿಸುತ್ತಿದ್ದರೆ ಮೊದಲು ಅನುಮಾನಿಸಬೇಕಾದ್ದು ಚಿಗಟವನ್ನು. ಅಲರ್ಜಿ ತರುವುದು ಅದರ ಜೊಲ್ಲು. ಒಗ್ಗದ ನಾಯಿಗೆ ಒಂದೆರಡು ಕಡಿತವೇ ಸಾಕು. ಹಾಗಾಗಿ ಚಿಗಟ ಕಣ್ಣಿಗೆ ಬೀಳದಿದ್ದರೂ ಕಾಯಿಲೆ ಇರಬಹುದು. ಹೇನಿನ ಬಾಚಣಿಗೆಯಿಂದ ಬಾಚಿ, ಉದುರಿದ ಕರಿ ಪುಡಿಯನ್ನು ಒದ್ದೆ ಬಿಳಿ ಕಾಗದದ ಮೇಲೆ ಒತ್ತಿ ನೋಡಬೇಕು. ಕೆಂಗಂದು ಕಲೆ ಹರಡಿದರೆ ಅದು ಚಿಗಟದ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ.

ಹೆಣ್ಣು ಚಿಗಟ ದಿನಕ್ಕೆ 40ರಿಂದ 50 ಮೊಟ್ಟೆ ಇಡಬಲ್ಲದು. ಅವು ಮೈಯಿಂದ ಜಾರಿ ಚಾಪೆ, ಸೋಫಾ ಸಂದು ಸೇರುತ್ತವೆ. ಮೊಟ್ಟೆಯೊಡೆದ ಮರಿಗಳು ಅಲ್ಲೇ ಕೋಶ ಕಟ್ಟಿ, ಅದರೊಳಗೆ ತಿಂಗಳುಗಟ್ಟಲೆ ಕಾಯಬಲ್ಲವು. ಒಮ್ಮೆ ಔಷಧಿ ಹಾಕಿ ಸುಮ್ಮನಾದರೆ ಚಿಗಟ ಮರಳುವುದು ಇದಕ್ಕೇ. ನಾಯಿಯ ಹಾಸಿಗೆಯನ್ನು ಬಿಸಿನೀರಲ್ಲಿ ಒಗೆಯಬೇಕು, ಮನೆಯ ಉಳಿದ ನಾಯಿ-ಬೆಕ್ಕಿಗೂ ಚಿಕಿತ್ಸೆ ಕೊಡಿಸಬೇಕು.

ಆದರೆ ಪರ್ಮೆಥ್ರಿನ್ ಎಂಬ ಕೀಟನಾಶಕ ಇರುವ ನಾಯಿ ಔಷಧಿ ಬೆಕ್ಕಿನ ಜೀವವನ್ನೇ ತೆಗೆಯಬಲ್ಲದು.

ದುಡ್ಡು ಉಳಿಸಲು ದೊಡ್ಡ ನಾಯಿಯ ಚಿಗಟದ ಡ್ರಾಪ್ಸನ್ನು ಪಾಲು ಮಾಡಿ ಪುಟ್ಟ ನಾಯಿಗೆ ಹಾಕುವವರಿದ್ದಾರೆ. ಇದು ಅಪಾಯ, ಪ್ರಮಾಣ ತೂಕಕ್ಕೆ ತಕ್ಕಂತೆಯೇ ಇರಬೇಕು. ಫ್ಲುರಲೇನರ್ ಮಾತ್ರೆ ದುಬಾರಿ ಅನ್ನಿಸಿದರೂ ಸುಮಾರು 12 ವಾರ ಚಿಗಟವನ್ನು ತಡೆಯುತ್ತದೆ, ಲೆಕ್ಕ ಹಾಕುವಾಗ ಅದನ್ನೂ ಗಮನಿಸಬೇಕು. ನಾಯಿಗೆ ಹಿಂದೆ ಫಿಟ್ಸ್ ಬಂದಿದ್ದರೆ ಈ ಮಾತ್ರೆ ಕೊಡುವ ಮೊದಲೇ ವೈದ್ಯರಿಗೆ ತಿಳಿಸಬೇಕು. ಖಾಸಗಿ ಕ್ಲಿನಿಕ್ಕಿನ ಬಿಲ್ಲು ಭಾರವಾದವರಿಗೆ ಸರ್ಕಾರಿ ಪಶು ಆಸ್ಪತ್ರೆಗಳಿವೆ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯೂ ಇದೆ.